ಮನವಿಲ್ಲದ ತನುದಾಸೋಹ



ಕಳೆದ ಶ್ರಾವಣ ಮಾಸದಲ್ಲಿ ನಮ್ಮ ಸೀಮೆಯ ಒಂದು ಮಠದಲ್ಲಿ ತಿಂಗಳ ಪರ್ಯಂತ ಪ್ರವಚನ ಮಾಡುವ ಸೇವೆ ನಮ್ಮ ಪಾಲಿಗೆ ಬಂದಿತ್ತು. ಒಂದು ಸೋಮವಾರ ಮಂಗಳಾರತಿ ಮುಗಿದು ಭಕ್ತರು ಪ್ರಸಾದದ ಪಂಕ್ತಿಗೆ ಕುಳಿತಿದ್ದಾಗ ಒಂದು ಕುಟುಂಬದವರು ನಮ್ಮನ್ನು ಕಾಣಲು ಪಡಸಾಲೆಗೆ ಬಂದರು. ಅರವತ್ತು ದಾಟಿದ ತಾಯಿ, ಅವರ ಇಬ್ಬರು ಗಂಡುಮಕ್ಕಳು, ಹಿರಿಯ ಸೊಸೆ. ಹಿರಿಯ ಮಗನಿಗೆ ಎರಡೂ ಮೂತ್ರಪಿಂಡಗಳು ಕೆಟ್ಟು ವರ್ಷ ಕಳೆದಿದೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಮುಖ ಕಂದಿ, ಕೈಯ ನರಗಳು ಉಬ್ಬಿ, ನಲವತ್ತರ ಹರೆಯದವನು ಅರವತ್ತರವನಂತೆ ಕಾಣುತ್ತಿದ್ದನು. ಬೇರೆ ಮೂತ್ರಪಿಂಡ ಕಸಿ ಮಾಡಿಸುವುದೇ ಲೇಸೆಂದು ವೈದ್ಯರು ಹೇಳಿದ್ದರು.

ತಾಯಿ ನಮಸ್ಕರಿಸಿ ನುಡಿದರು: "ಅಜ್ಜಾರ, ಸೊಸಿ ಕೊಡಾಕ ಒಪ್ಪ್ಯಾಳ್ರಿ. ಒಂದು ಚಲೋ ದಿನ ನೋಡಿ ಹೇಳ್ರಿ, ಆಶೀರ್ವಾದ ಮಾಡ್ರಿ."

ಶರಣಧರ್ಮದಲ್ಲಿ ಶುಭದಿನ ಅಶುಭದಿನಗಳೆಂಬ ಭೇದವಿಲ್ಲವೆಂದು ನಾವು ಎಷ್ಟು ಪ್ರವಚನ ಮಾಡಿದರೂ ನಮ್ಮ ಜನ ಪಂಚಾಂಗವನ್ನು ಬಿಡಲಾರರು; ಆ ಮಾತು ಇಲ್ಲಿ ಬೇಡ. ನಮ್ಮ ದೃಷ್ಟಿ ಆ ಸೊಸೆಯ ಮೇಲೆ ಹೋಯಿತು. ತಲೆಯ ಮೇಲಿನ ಸೆರಗನ್ನು ಎರಡೂ ಕೈಗಳಿಂದ ಹಿಡಿದು, ನೆಲದ ಕಲ್ಲನ್ನೇ ನೋಡುತ್ತ ಕುಳಿತಿದ್ದಳು. ಆಕೆ ಒಪ್ಪಿದ್ದಾಳೆಂದು ಮೂವರು ಹೇಳಿದರು, ಆಕೆ ಮಾತ್ರ ಹೇಳಲಿಲ್ಲ.

ಆಶೀರ್ವದಿಸಲು ಎತ್ತಿದ ಕೈಯನ್ನು ನಾವು ಹಾಗೆಯೇ ತಡೆದೆವು. ಅದಕ್ಕೆ ಕಾರಣವಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಇಂಥದೇ ಇನ್ನೊಂದು ಮನೆಯವರು ನಮ್ಮಲ್ಲಿಗೆ ಬಂದಿದ್ದರು. ಅಲ್ಲಿಯೂ ಹೆಂಡತಿಯೇ ಗಂಡನಿಗೆ ಮೂತ್ರಪಿಂಡ ಕೊಡುವವಳಾಗಿದ್ದಳು. ಪತಿವ್ರತೆಯರ ಕಥೆಯೊಂದನ್ನು ಹೇಳಿ, ವಿಭೂತಿ ಕೊಟ್ಟು, ಮನಸಾರೆ ಹರಸಿ ಕಳುಹಿದೆವು. ಶಸ್ತ್ರಕ್ರಿಯೆ ಸಾಂಗವಾಯಿತು, ಗಂಡ ಒಂಬತ್ತು ವರ್ಷ ಬದುಕಿ ಲಿಂಗೈಕ್ಯನಾದನು. ಆತನ ಶಿವಗಣಾರಾಧನೆಯ ದಿನ ಆ ತಾಯಿ ನಮ್ಮ ಬಳಿ ಬಂದು ಮೆಲ್ಲಗೆ ನುಡಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. "ಕೊಟ್ಟಿದ್ದಕ್ಕ ನಂಗ ದುಃಖಿಲ್ರಿ ಅಜ್ಜಾರ. ಆದ್ರ ಅವತ್ತು ಒಬ್ಬರೂ ನನ್ನ ಕೇಳಲಿಲ್ಲ. ನೀವಾದ್ರೂ ಕೇಳ್ತೀರಿ ಅಂತ ಮಾಡಿದ್ದೆ." ನಾವು ಉತ್ತರವಿಲ್ಲದೆ ತಲೆತಗ್ಗಿಸಿದೆವು. ಷಟ್‌ಸ್ಥಲವನ್ನು ಬಾಯಿಪಾಠ ಮಾಡಿದ ನಮಗೆ ಎದುರಿಗೆ ಕುಳಿತವಳನ್ನು ಒಂದು ಮಾತು ಕೇಳಬೇಕೆಂದು ತೋಚಿರಲಿಲ್ಲ.

ಆದಕಾರಣ ಈ ಬಾರಿ ಆ ಮನೆಯವರಿಗೆ, ಮೊದಲು ಪ್ರಸಾದ ಸ್ವೀಕರಿಸಿ ಬನ್ನಿ ಎಂದು ಹೇಳಿ, ಸೊಸೆಯನ್ನು ನಮ್ಮ ಧರ್ಮಪತ್ನಿಯ ಜೊತೆಗೆ ದಾಸೋಹದ ಅಡುಗೆಮನೆಯ ಕಡೆಗೆ ಕಳುಹಿದೆವು. ನಮ್ಮೆದುರು ಆಡದ ಮಾತನ್ನು ಆಕೆ ರೊಟ್ಟಿಯ ಒಲೆಯ ಮುಂದೆ ಆಡಿದಳು. ಆಕೆಗೆ ಅಂಜಿಕೆಯಿತ್ತು. ಮಗಳಿನ್ನೂ ಆರನೆಯ ಇಯತ್ತೆಯಲ್ಲಿದ್ದಳು. ತವರಿನವರಿಗೆ ಸುದ್ದಿಯನ್ನೇ ತಿಳಿಸಿರಲಿಲ್ಲ. ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿದೆ, ಅವರಿಂದ ತೆಗೆದುಕೊಳ್ಳಲು ಬಾರದೆಂಬುದು ಆಕೆಗೆ ಗೊತ್ತು. ಆದರೆ ಮೂವತ್ತಾರು ವರ್ಷದ ಗಟ್ಟಿಮುಟ್ಟಾದ ಮೈದುನನ ರಕ್ತವನ್ನು ಇನ್ನೂ ಪರೀಕ್ಷೆಗೇ ಕೊಟ್ಟಿರಲಿಲ್ಲ. ಅಂಗಡಿ ನೋಡುವವನು, ದುಡಿಯುವವನು, ಅವನನ್ನು ಹೇಗೆ ಕೇಳುವುದು ಎಂದು ಮನೆಯಲ್ಲಿ ಆ ಮಾತೇ ಎದ್ದಿರಲಿಲ್ಲ.

ವಾಚಕರೇ, ನಾವು ಈ ಸಲ ಅಂಕಣಕ್ಕೆ ಈ ವಿಷಯವನ್ನು ಎತ್ತಿಕೊಂಡದ್ದು ಆ ಮನೆಯವರನ್ನು ಹೀಯಾಳಿಸುವುದಕ್ಕಲ್ಲ. ನಮ್ಮ ಮನೆಗಳು ಹೆಚ್ಚು ಕಡಿಮೆ ಹೀಗೆಯೇ ಇವೆ. ಅಂಗಾಂಗ ದಾನವು ಮಹಾದಾನವೆಂದು ವೇದಿಕೆಗಳಲ್ಲಿ ಹೇಳುವವರು ಬಹಳ. ಯಾರ ದೇಹದಿಂದ, ಯಾರ ಒಪ್ಪಿಗೆಯಿಂದ, ಯಾರಿಗೆ ಎಂದು ಕೇಳುವವರು ವಿರಳ.

ಈ ಕುರಿತು ನಮ್ಮ ದೇಶದ ಕಾನೂನು ಏನು ಹೇಳುತ್ತದೆಂಬುದನ್ನು ಗೃಹಸ್ಥರು ತಿಳಿದಿರಬೇಕು. ಮಾನವ ಅಂಗಾಂಗ ಕಸಿ ಕಾಯ್ದೆ 1994ರಲ್ಲಿ ಬಂದಿತು, 2011ರಲ್ಲಿ ತಿದ್ದುಪಡಿಯಾಯಿತು, 2014ರಲ್ಲಿ ವಿವರವಾದ ನಿಯಮಗಳಾದವು. ಬದುಕಿರುವಾಗಲೇ ಅಂಗ ಕೊಡುವವರು 18 ವರ್ಷ ತುಂಬಿದವರಾಗಿರಬೇಕು, ತಿಳಿದು ಒಪ್ಪುವ ಮನಃಶಕ್ತಿಯುಳ್ಳವರಾಗಿರಬೇಕು. ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಅಜ್ಜ, ಅಜ್ಜಿ, ಮೊಮ್ಮಕ್ಕಳು ಇವರನ್ನು ಮಾತ್ರ ಕಾನೂನು ಹತ್ತಿರದ ಸಂಬಂಧಿಗಳೆಂದು ಎಣಿಸುತ್ತದೆ. ಅತ್ತೆಗೆ ಸೊಸೆ, ಭಾವನಿಗೆ ನಾದಿನಿ, ಮಾವನಿಗೆ ಅಳಿಯ ಈ ಪಟ್ಟಿಯಲ್ಲಿಲ್ಲ. ಇಂಥವರಾಗಲಿ ಗೆಳೆಯರಾಗಲಿ ಕೊಡಬೇಕಾದರೆ ಅಧಿಕೃತ ಸಮಿತಿಯೊಂದು ವಿಚಾರಣೆ ಮಾಡಿ, ಹಣದ ವ್ಯವಹಾರವಾಗಲಿ ಒತ್ತಾಯವಾಗಲಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅನುಮತಿ. ರಕ್ತದ ಗುಂಪು ಹೊಂದದ ಎರಡು ಕುಟುಂಬಗಳು ತಮ್ಮ ತಮ್ಮ ದಾನಿಗಳನ್ನು ಅದಲುಬದಲು ಮಾಡಿಕೊಳ್ಳುವುದಕ್ಕೂ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ.

2014ರ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಕೊಡುವವಳು ಹೆಣ್ಣಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವನಲ್ಲದ ಬೇರೊಬ್ಬರು ದೃಢಪಡಿಸಬೇಕು ಎಂಬುದು ಅದರ ಅಭಿಪ್ರಾಯ. ಇದನ್ನು ಬರೆದವರಿಗೆ ನಮ್ಮ ಮನೆಗಳ ಪಡಸಾಲೆಯ ಪರಿಚಯ ಚೆನ್ನಾಗಿಯೇ ಇದ್ದಂತೆ ತೋರುತ್ತದೆ. ಆದರೆ ಆ ದೃಢೀಕರಣ ಆಸ್ಪತ್ರೆಯಲ್ಲಿ ನಡೆಯುವಂಥದು. ಹೆಂಗಸಿನ ಬಾಯಿ ಕಟ್ಟಿಹೋಗುವುದು ಅದಕ್ಕೂ ಮೊದಲೇ, ಮನೆಯಲ್ಲಿ. ಅಲ್ಲಿಗೆ ಯಾವ ಸಮಿತಿ ಬಂದೀತು?

ಅಂಕಿಗಳನ್ನು ಹೇಳುವುದು ನಮ್ಮ ಅಭ್ಯಾಸವಲ್ಲ, ಆದರೂ ಎರಡನ್ನು ಹೇಳಲೇಬೇಕು. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಕಸಿಗಳಲ್ಲಿ ಗಂಡಸರು ಪಡೆದದ್ದು 29,695, ಹೆಂಗಸರು ಪಡೆದದ್ದು 6,945. ಇನ್ನು 2019ರಿಂದ 2023ರವರೆಗೆ ಬದುಕಿರುವಾಗಲೇ ಅಂಗ ಕೊಟ್ಟವರು 56,509 ಜನ. ಅವರಲ್ಲಿ 36,038 ಜನ ಹೆಂಗಸರು. ಕೊಡುವ ಕೈಗಳಲ್ಲಿ ಬಳೆಗಳೇ ಹೆಚ್ಚು, ಪಡೆಯುವ ಕೈಗಳಲ್ಲಿ ಅಲ್ಲ. ಗಂಡಸು ದುಡಿಯುವವನು, ಅವನಿಗೆ ಶಸ್ತ್ರಕ್ರಿಯೆಯಾದರೆ ಮನೆ ನಡೆಯುವುದು ಹೇಗೆಂದು ಕೇಳುವವರುಂಟು. ನಸುಕಿನಿಂದ ನಡುರಾತ್ರಿಯವರೆಗೆ ಹೆಂಗಸು ಮಾಡುವುದನ್ನು ಕಾಯಕವೆಂದು ಎಣಿಸದವರು ಮಾತ್ರ ಹಾಗೆ ಕೇಳಬಲ್ಲರು.

ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಅರ್ಪಿಸಬೇಕೆಂಬುದು ನಮ್ಮ ಆಚಾರ್ಯರೂ ಶರಣರೂ ಹೇಳಿದ ತ್ರಿವಿಧ ದಾಸೋಹ. ಈ ಮೂರನ್ನು ಬಿಡಿಬಿಡಿಯಾಗಿ ಮಾಡಬಹುದೆಂದು ಯಾರೂ ಹೇಳಲಿಲ್ಲ. ಮನ ಹಿಂದೆ ಉಳಿದು ತನು ಮಾತ್ರ ಮುಂದೆ ಹೋದರೆ ಅದು ಅರ್ಪಿತವಾಗದು, ಕಿತ್ತುಕೊಂಡದ್ದಾಗುತ್ತದೆ. ಕೊಡಲಾರೆನೆಂದು ಹೇಳುವ ಸ್ವಾತಂತ್ರ್ಯ ಯಾರಿಗುಂಟೋ ಅವರು ಕೊಟ್ಟದ್ದೇ ದಾಸೋಹ. ಆ ಸ್ವಾತಂತ್ರ್ಯವಿಲ್ಲದವಳಿಂದ ಪಡೆದದ್ದನ್ನು ತ್ಯಾಗವೆಂದು ಹಾಡಿ ಹೊಗಳುವುದು ಪಡೆದವರ ಮನಸ್ಸಿನ ಸಮಾಧಾನಕ್ಕೆ.

ಇಲ್ಲಿ ನಮಗೆ ಎರಡು ಹಳೆಯ ಕಥೆಗಳು ನೆನಪಾಗುತ್ತವೆ. ಮಠದಲ್ಲಿ ಓದುತ್ತಿದ್ದಾಗ ಸಿರಿಯಾಳನ ಕಥೆಯನ್ನು ಕೇಳಿ ನಾವು ರಾತ್ರಿ ನಿದ್ದೆ ಮಾಡಿರಲಿಲ್ಲ. ಜಂಗಮನ ಬಯಕೆಯನ್ನು ಸಲ್ಲಿಸಲು ತಂದೆತಾಯಿಗಳು ಮಗ ಚೀಲಾಳನನ್ನೇ ಅಡುಗೆ ಮಾಡಿದರೆಂಬ ಕಥೆ. ಕೊನೆಯಲ್ಲಿ ಶಿವನು ಮಗುವನ್ನು ಬದುಕಿಸಿಕೊಡುತ್ತಾನೆ, ಕೇಳುವವರು ಹರಹರಾ ಎನ್ನುತ್ತಾರೆ. ಚೀಲಾಳ ಅಂಜಲಿಲ್ಲವೇ ಎಂದು ನಾವು ಬಾಲಬುದ್ಧಿಯಿಂದ ಕೇಳಿದ್ದಕ್ಕೆ ನಮ್ಮ ಗುರುಗಳು ಗದರಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಈಗ ಅರವತ್ತು ದಾಟಿದ ಮೇಲೆ ನಮಗೆ ಅನಿಸುವುದಿಷ್ಟು: ಆ ಕಥೆ ತಂದೆತಾಯಿಗಳ ನಿಷ್ಠೆಯನ್ನು ಸಾರುತ್ತದೆ, ಸರಿ, ಅದನ್ನು ಅಂಗಾಂಗ ದಾನದ ವೇದಿಕೆಗೆ ತರಬಾರದು.

ಅಲ್ಲಿಗೆ ತರತಕ್ಕದ್ದು ಹರಳಯ್ಯ ಕಲ್ಯಾಣಮ್ಮ ದಂಪತಿಗಳ ಕಥೆ. ಬಸವಣ್ಣನವರಿಗಾಗಿ ಆ ಇಬ್ಬರೂ ತಮ್ಮ ತಮ್ಮ ತೊಡೆಯ ಚರ್ಮವನ್ನು ತೆಗೆದು ಪಾದರಕ್ಷೆ ಹೊಲಿದರೆಂದು ನಮ್ಮ ಜನ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಹರಳಯ್ಯ ತನ್ನ ತೊಡೆಯನ್ನು ಉಳಿಸಿಕೊಂಡು ಹೆಂಡತಿಯ ತೊಡೆಯಿಂದ ಎರಡೂ ಚಮ್ಮಾವುಗೆಗಳನ್ನು ಮಾಡಲಿಲ್ಲ. ಒಂದು ಅವನದು, ಒಂದು ಅವಳದು. ಬಸವಣ್ಣನವರು ಬೇಡಿದವರೂ ಅಲ್ಲ, ಕೊಟ್ಟಾಗ ಮೆಟ್ಟಿದವರೂ ಅಲ್ಲ. ತಲೆಯ ಮೇಲಿಟ್ಟುಕೊಂಡು, ಇದನ್ನು ಮೆಟ್ಟುವ ಯೋಗ್ಯತೆ ತಮಗಿಲ್ಲವೆಂದು ಮರಳಿಸಿದರು. ಪಡೆಯುವವನ ಯೋಗ್ಯತೆ ಎಂಬ ಮಾತನ್ನು ವೈದ್ಯರು ರಕ್ತದ ಗುಂಪಿಗೆ ಸಂಬಂಧಿಸಿ ಆಡುತ್ತಾರೆ. ಶರಣರ ಯೋಗ್ಯತೆ ಪಡೆಯುವವನ ಅಳುಕಿನಲ್ಲಿತ್ತು. ಕೊಡುವವರ ಹಿಂಜರಿಕೆಯನ್ನು ಮಾತ್ರ ಅಳೆಯುವ ನಾವು ಪಡೆಯುವವರ ಹಿಂಜರಿಕೆಯನ್ನು ಎಂದಾದರೂ ಕೇಳಿದ್ದೇವೆಯೇ?

ಮತ್ತೆ ಆ ಮನೆಯವರ ಕಡೆಗೆ ಬರೋಣ. ಪ್ರಸಾದ ಮುಗಿಸಿ ಬಂದ ಮೇಲೆ ಕಿರಿಯ ಮಗ ನಮ್ಮನ್ನು ಬದಿಗೆ ಕರೆದು, ಹಣ ಕೊಟ್ಟರೆ ಮೂತ್ರಪಿಂಡ ಒದಗಿಸುವವನೊಬ್ಬನ ಪರಿಚಯವಿದೆ, ಹಾಗಾದರೆ ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ ಎಂದು ಪಿಸುಗುಟ್ಟಿದನು. ಅಂಗಾಂಗ ವ್ಯಾಪಾರಕ್ಕೆ ಐದರಿಂದ ಹತ್ತು ವರ್ಷ ಸೆರೆವಾಸ, 20 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡವೆಂದು ನಾವು ತಿಳಿಸಿದೆವು. ಅವನ ಮುಖದಲ್ಲಿ ಸೆರೆಮನೆಯ ಭಯ ಕಂಡಿತು, ಪಾಪದ ಭಯ ಕಾಣಲಿಲ್ಲ. ಆದುದರಿಂದ ಮತ್ತೊಂದು ಸಂಗತಿಯನ್ನೂ ಹೇಳಿದೆವು. ಚೆನ್ನೈಯಲ್ಲಿ ಮೂತ್ರಪಿಂಡ ಮಾರಿಕೊಂಡ 305 ಜನರನ್ನು ವಿಚಾರಿಸಿ ತಜ್ಞರು ಬರೆದ ವರದಿಯೊಂದು 2002ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನೂರಕ್ಕೆ 96 ಜನ ಮಾರಿದ್ದು ಸಾಲ ತೀರಿಸಲು. ವಿಚಾರಿಸುವ ಹೊತ್ತಿಗೆ ಅವರಲ್ಲಿ ಮುಕ್ಕಾಲು ಪಾಲು ಜನ ಇನ್ನೂ ಸಾಲದಲ್ಲಿಯೇ ಇದ್ದರು. ಮನೆಯ ವರಮಾನ ಮೂರನೆಯ ಒಂದು ಪಾಲು ಇಳಿದಿತ್ತು. ನೂರಕ್ಕೆ 86 ಜನ ತಮ್ಮ ಆರೋಗ್ಯ ಕೆಟ್ಟಿತೆಂದರು. ಅಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮ ತಿರುಗಿ ಚೆಲ್ಲಿಸಿ ಬರಹೇಳಿದ ಧರ್ಮ ನಮ್ಮದು. ಬಡವನ ಒಡಲಿನಿಂದ ಕೊಂಡುತಂದ ಮೂತ್ರಪಿಂಡವನ್ನು ಲಿಂಗ ಧರಿಸಿದ ಒಡಲಿನೊಳಗೆ ಇಟ್ಟುಕೊಳ್ಳುವುದು ಹೇಗೆ?

ಬಳಿಕ ಎಲ್ಲರನ್ನೂ ಕೂಡಿಸಿ ನಾವು ಮೂರು ಮಾತು ಹೇಳಿದೆವು. ಮೊದಲನೆಯದು, ತಮ್ಮನೂ ಪರೀಕ್ಷೆ ಮಾಡಿಸಿಕೊಳ್ಳಲಿ. ರಕ್ತಸಂಬಂಧಿಯಾದ್ದರಿಂದ ಅವನದು ಚೆನ್ನಾಗಿ ಹೊಂದುವ ಸಂಭವವೂ ಹೆಚ್ಚು. ಎರಡನೆಯದು, ಸೊಸೆ ತನ್ನ ತವರಿನವರೊಡನೆ ಮಾತಾಡಿ, ಆಸ್ಪತ್ರೆಯಲ್ಲಿ ವೈದ್ಯರನ್ನು ಒಬ್ಬಳೇ ಕಂಡು, ಶಸ್ತ್ರಕ್ರಿಯೆಯಿಂದ ಆಗಬಹುದಾದುದನ್ನೆಲ್ಲ ಕೇಳಿ ತಿಳಿಯಲಿ. ಆರೋಗ್ಯವಂತರು ಒಂದೇ ಮೂತ್ರಪಿಂಡದಿಂದ ಬಾಳಬಲ್ಲರೆಂಬುದು ನಿಜ. ಆದರೂ ಅದು ದೊಡ್ಡ ಶಸ್ತ್ರಕ್ರಿಯೆ. ಮುಂದೆ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು, ವರ್ಷವರ್ಷ ತಪಾಸಣೆಗೆ ಹೋಗಬೇಕು. ಒಪ್ಪಿ ಸಹಿ ಮಾಡಿದ ಮೇಲೂ ಶಸ್ತ್ರಕ್ರಿಯೆಯ ಗಳಿಗೆಯವರೆಗೆ ಬೇಡವೆನ್ನುವ ಹಕ್ಕು ಕೊಡುವವರಿಗಿದೆ. ಮನೆಯವರೆದುರು ಬೇಡವೆನ್ನಲಾಗದವರು ವೈದ್ಯರೆದುರು ಹೇಳಿದರೆ, ಈಕೆ ದಾನಿಯಾಗಲು ಹೊಂದುವುದಿಲ್ಲ ಎಂದಷ್ಟೇ ಮನೆಯವರಿಗೆ ತಿಳಿಸಿ ಆಕೆಯ ಮಾನ ಕಾಯುವ ವೈದ್ಯರಿದ್ದಾರೆ. ಮೂರನೆಯದು, ರೋಗಿಯ ಹೆಸರನ್ನು ಮೃತದಾನಿಗಳಿಂದ ಬರುವ ಮೂತ್ರಪಿಂಡಕ್ಕಾಗಿ ಕಾಯುವವರ ಪಟ್ಟಿಯಲ್ಲಿ ಇಂದೇ ಬರೆಸಿರಿ.

ತಾಯಿಗೆ ನಮ್ಮ ಮಾತು ರುಚಿಸಲಿಲ್ಲ. "ಮಠದಾವ್ರು ಮನಿ ಕೂಡಸೋ ಮಾತು ಆಡಬೇಕ್ರಿ" ಎಂದು ಹೇಳಿ ಎದ್ದರು. ಅವರ ಸಂಕಟ ನಮಗೆ ಅರ್ಥವಾಗದೆ ಇಲ್ಲ. ಒಬ್ಬ ಮಗ ಕಣ್ಣೆದುರು ಕರಗುತ್ತಿರುವಾಗ ಇನ್ನೊಬ್ಬ ಮಗನ ಒಡಲಿಗೆ ಕತ್ತರಿ ಹಾಕಿಸಿರೆಂದು ಯಾವ ತಾಯಿ ಹೇಳಿಯಾಳು? ಆದರೆ ಸೊಸೆಯೂ ಒಬ್ಬ ತಾಯಿಯ ಮಗಳು.

ಆ ಮೂರನೆಯ ಮಾತನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ, ಏಕೆಂದರೆ ಅಲ್ಲಿ ನಮ್ಮ ಸಮಾಜದ ಪಾಲೂ ಇದೆ. 2023ರಲ್ಲಿ ದೇಶದಲ್ಲಿ ನಡೆದ ಕಸಿಗಳು 18,378. ಮರಣಾನಂತರ ಅಂಗ ಕೊಟ್ಟವರು 1,099 ಜನ ಮಾತ್ರ. ಕರ್ನಾಟಕದಲ್ಲಿ ಆ ವರ್ಷ 178 ಜನ. ಅನ್ಯ ರಾಜ್ಯಗಳಿಗೆ ಹೋಲಿಸಿದರೆ ಇದು ಮೇಲಿನ ಸಾಲಿನ ಸಂಖ್ಯೆಯೇ, ಆದರೆ ಕಾಯುವವರು ಸಾವಿರಾರು. ಸತ್ತವರಿಂದ ಬಾರದ ಮೂತ್ರಪಿಂಡವನ್ನು ಬದುಕಿದವರಿಂದ ತರಬೇಕಾಗುತ್ತದೆ. ಬದುಕಿದವರಲ್ಲಿ ಬಾಯಿ ಇಲ್ಲದವರಿಂದ. ಮಣ್ಣಿಗೆ ಸೇರುವ ದೇಹದ ಬಗ್ಗೆ ನಾವು ಮಾಡುವ ಜಿಪುಣತನದ ಸಾಲವನ್ನು ಅಡುಗೆಮನೆಯ ಹೆಂಗಸರು ತೀರಿಸುತ್ತಿದ್ದಾರೆ ಎಂದರೆ ಕಟುವಾದೀತು, ಸುಳ್ಳಾಗದು.

ನಮ್ಮವರು ಹಿಂಜರಿಯಲು ಕಾರಣ ಗೊತ್ತಿದ್ದದ್ದೇ. ನಾವು ದೇಹವನ್ನು ಸುಡುವವರಲ್ಲ. ವಿಭೂತಿ ಧರಿಸಿ, ಪತ್ರೆಯೇರಿಸಿ, ಇಷ್ಟಲಿಂಗದೊಡನೆ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುವವರು. ಊನವಾದ ದೇಹಕ್ಕೆ ಐಕ್ಯವುಂಟೇ ಎಂದು ಹಿರಿಯರು ಕೇಳುತ್ತಾರೆ. ನಾವು ಅವರನ್ನು ಮರಳಿ ಕೇಳುವುದುಂಟು: ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಸಿಕೊಂಡವರಿಗೆ, ಗಡಿಯಲ್ಲಿ ಕೈ ಕಳೆದುಕೊಂಡು ಬಂದ ಯೋಧನಿಗೆ ನಾವು ಎಂದಾದರೂ ಸಮಾಧಿ ನಿರಾಕರಿಸಿದ್ದೇವೆಯೇ? ಒಂದು ಶಬ್ದದ ಗೊಂದಲವೂ ಇಲ್ಲಿದೆ. ಪತ್ರಿಕೆಯವರು ಅಂಗವೆಂದರೆ ಗುಂಡಿಗೆ, ಮೂತ್ರಪಿಂಡ. ನಮ್ಮ ಶಾಸ್ತ್ರದಲ್ಲಿ ಅಂಗವೆಂದರೆ ಲಿಂಗದೊಡನೆ ಸಮರಸವಾಗಬೇಕಾದ ಜೀವ. ಐಕ್ಯ ಈ ಅಂಗಕ್ಕೇ ಹೊರತು ಮಾಂಸದ ಅಂಗಕ್ಕಲ್ಲ. ಮಾಂಸ ಹೇಗೂ ಮಣ್ಣಿನ ಪಾಲು. ಅಂಗಾಂಗಗಳನ್ನು ತೆಗೆದ ಮೇಲೆ ವೈದ್ಯರು ದೇಹವನ್ನು ಒಪ್ಪವಾಗಿ ಹೊಲಿದು ಮನೆಯವರಿಗೆ ಮರಳಿಸುತ್ತಾರೆ. ಕೂಡಿಸಲು, ಪೂಜಿಸಲು, ಮೆರವಣಿಗೆ ಮಾಡಲು ಅಡ್ಡಿಯಿಲ್ಲ. ಕೊರಳ ಇಷ್ಟಲಿಂಗವನ್ನು ಅಷ್ಟು ಹೊತ್ತು ಮನೆಯ ಹಿರಿಯರು ಕೈಯಲ್ಲಿರಿಸಿಕೊಂಡು ಬಳಿಕ ಮರಳಿ ಧರಿಸಿದರಾಯಿತು. ಇಡೀ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡುವ ದೇಹದಾನ ಬೇರೆ. ಅದರಲ್ಲಿ ಸಮಾಧಿಗೆ ದೇಹ ದೊರೆಯುವುದಿಲ್ಲ. ಇವೆರಡನ್ನೂ ಒಂದೆಂದು ತಿಳಿದು ಅಂಜುವವರು ಬಹಳ.

ಇನ್ನೊಂದು ಅಂಜಿಕೆ, ಉಸಿರಿರುವಾಗಲೇ ತೆಗೆದುಬಿಡುತ್ತಾರೆಂಬುದು. ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಅಥವಾ ಮಿದುಳಿನಲ್ಲಿ ರಕ್ತಸ್ರಾವವಾಗಿ ಮಿದುಳಿನ ಕಾಂಡ ಸತ್ತವರಲ್ಲಿ ಯಂತ್ರದ ಬಲದಿಂದ ಎದೆ ಏರಿಳಿಯುತ್ತದೆ, ಮೈ ಬೆಚ್ಚಗಿರುತ್ತದೆ. ಇದು ಮೂರ್ಛೆಯಲ್ಲ, ಮೂರ್ಛೆಯಿಂದ ಎದ್ದವರುಂಟು, ಈ ಸ್ಥಿತಿಯಿಂದ ಎದ್ದವರಿಲ್ಲ. ಇದನ್ನು ನಾಲ್ವರು ವೈದ್ಯರು ಕೂಡಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಬರೆದುಕೊಡಬೇಕು. ಕಸಿ ಮಾಡುವ ವೈದ್ಯರು ಆ ನಾಲ್ವರಲ್ಲಿ ಇರತಕ್ಕದ್ದಲ್ಲ. ಆಮೇಲೆ ಮನೆಯವರ ಒಪ್ಪಿಗೆ ಕೇಳುತ್ತಾರೆ. ಸತ್ತವರು ಬದುಕಿದ್ದಾಗ ಬರೆದುಕೊಟ್ಟಿದ್ದರೂ ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ. ಒಲ್ಲೆವೆಂದರೆ ಅಲ್ಲಿಗೆ ಮುಗಿಯಿತು. ಹಾಗೆಂದವರನ್ನು ನಾವು ದೂಷಿಸುವುದಿಲ್ಲ. ಬೆಚ್ಚಗಿರುವ ಮಗನ ಕೈ ಹಿಡಿದು ಇವನು ಸತ್ತಿದ್ದಾನೆಂದು ನಂಬುವುದು ಸುಲಭವಲ್ಲ. ಆದುದರಿಂದಲೇ ಬದುಕಿರುವಾಗ ಮನೆಯಲ್ಲಿ ಕುಳಿತು ಮಾತಾಡಿರಬೇಕು. 2021ರ ಜೂನ್ ತಿಂಗಳಲ್ಲಿ ನಟ ಸಂಚಾರಿ ವಿಜಯ್ ಅವರು ಬೈಕ್ ಅಪಘಾತದಲ್ಲಿ ಗಾಯಗೊಂಡು ಮಿದುಳು ನಿಷ್ಕ್ರಿಯರಾದಾಗ ಅವರ ಸೋದರರು ಆ ದುಃಖದಲ್ಲಿಯೂ ಒಪ್ಪಿಗೆ ಕೊಟ್ಟರು.

ನೇತ್ರದಾನಕ್ಕೆ ಇಷ್ಟು ತೊಡಕಿಲ್ಲ. ಮನೆಯಲ್ಲಿಯೇ ಸಹಜವಾಗಿ ತೀರಿಕೊಂಡವರೂ ಕೊಡಬಹುದು. ಕನ್ನಡಕದವರು, ಪೊರೆ ತೆಗೆಸಿಕೊಂಡವರು, ಸಕ್ಕರೆ ಕಾಯಿಲೆಯವರು ಕೂಡ. ಆರು ಗಂಟೆಯೊಳಗೆ ನೇತ್ರಭಂಡಾರದವರು ಬರಬೇಕು, ಅರ್ಧ ಗಂಟೆಯ ಕೆಲಸ. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಅರಳೆ ಇಡಬೇಕು, ಫ್ಯಾನ್ ಆರಿಸಬೇಕು, ವಿಭೂತಿ ಹಚ್ಚುವಾಗ ಕಣ್ಣಿನೊಳಗೆ ಬೀಳದಂತೆ ನೋಡಿಕೊಳ್ಳಬೇಕು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಿದ ಮೇಲೆ, 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ, ಕನ್ನಡ ನಾಡಿನ ಹಳ್ಳಿಹಳ್ಳಿಗಳಲ್ಲಿ ಈ ಮಾತು ಗೊತ್ತಾಯಿತು. ನಮ್ಮ ಪ್ರವಚನಗಳಿಂದ ಆಗದಿದ್ದುದು ಅದರಿಂದಾಯಿತೆಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಿಲ್ಲ.

ಪ್ರವಚನದ ಕೊನೆಯ ವಾರ ಒಬ್ಬ ಸದ್ಭಕ್ತರು ಎದ್ದು ನಿಂತು, ನಾವು ಕೊಟ್ಟದ್ದು ನಮ್ಮ ಲಿಂಗವಂತರಿಗೇ ಸಿಗುವಂತೆ ಬರೆಯಬಹುದೇ ಎಂದು ಕೇಳಿದರು. ಸಭೆಯಲ್ಲಿ ಕೆಲವರು ತಲೆದೂಗಿದರು. ಹಾಗೆ ಬರೆಯಲು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ 'ಜೀವಸಾರ್ಥಕತೆ' ಎಂಬ ಸಂಸ್ಥೆ ಕಾಯುವವರ ಪಟ್ಟಿಯನ್ನು ನೋಡಿಕೊಳ್ಳುತ್ತದೆ. ರಕ್ತದ ಗುಂಪು, ರೋಗದ ತೀವ್ರತೆ, ಕಾದ ಕಾಲ ಇವುಗಳ ಮೇಲೆ ಸರದಿ ಬರುತ್ತದೆ. ಕೊಟ್ಟವರು ಯಾರೆಂದು ಪಡೆದವರಿಗೆ, ಪಡೆದವರು ಯಾರೆಂದು ಕೊಟ್ಟವರಿಗೆ ಹೇಳುವುದಿಲ್ಲ. ಯಾವ ರಾಜ್ಯದವರಾದರೂ ಎಲ್ಲಿಯಾದರೂ ಹೆಸರು ಬರೆಸಬಹುದೆಂದು, 65 ವರ್ಷ ಮೀರಿದವರಿಗೂ ಅವಕಾಶವಿದೆಯೆಂದು, ನೋಂದಣಿಗೆ ಶುಲ್ಕವಿಲ್ಲವೆಂದು ಕೇಂದ್ರ ಸರಕಾರ 2023ರಲ್ಲಿ ತಿಳಿಸಿದೆ. 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಸಂಸ್ಥೆ, ಕಾಯುವ ಹೆಂಗಸರಿಗೂ ಹಿಂದೆ ಅಂಗ ಕೊಟ್ಟು ಅಗಲಿದವರ ಹತ್ತಿರದ ಬಂಧುಗಳಿಗೂ ಆದ್ಯತೆ ಕೊಡಬೇಕೆಂದು ಸಲಹೆ ಕಳುಹಿಸಿದೆ. ಬಹುತೇಕ ಕಸಿಗಳು ಖಾಸಗಿ ಆಸ್ಪತ್ರೆಗಳಲ್ಲಿ ನಡೆಯುವುದರಿಂದ, ಕಸಿಯ ಬಳಿಕ ಜೀವಮಾನವಿಡೀ ಔಷಧಿ ನುಂಗಬೇಕಾದುದರಿಂದ, ಬಡವನ ಸರದಿ ಬಂದರೂ ಕೈಯಲ್ಲಿ ಕಾಸಿಲ್ಲದ ಸಂಕಟ ಉಳಿದೇ ಇದೆ. ಬಡ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯ ಸರಕಾರದ ನೆರವುಂಟು, ಕೇಳಿ ಪಡೆಯಬೇಕು. ನಮ್ಮ ಮಠಗಳು ದಾಸೋಹದ ಪಾಲಿನಲ್ಲಿ ಒಂದಿಷ್ಟನ್ನು ಈ ಔಷಧಿಗೆಂದು ತೆಗೆದಿಟ್ಟರೆ ಪಂಕ್ತಿಯಲ್ಲಿ ಹೋಳಿಗೆ ಒಂದು ಕಡಿಮೆಯಾದೀತು, ಅಷ್ಟೇ.

ಆ ಭಕ್ತರಿಗೆ ನಾವು ಕೊಟ್ಟ ಉತ್ತರ ಚಿಕ್ಕದು. ಹರಳಯ್ಯನ ಚಮ್ಮಾವುಗೆಯನ್ನು ತಲೆಯ ಮೇಲೆ ಹೊತ್ತವರ ಮಕ್ಕಳು ನಾವು. ನಾಳೆ ನಿಮಗೆ ಗುಂಡಿಗೆ ಬೇಕಾದಾಗ ಅದು ಯಾವ ಕುಲದ್ದೆಂದು ಕೇಳುವಿರಾ ಎಂದೆವು. ಅವರು ನಕ್ಕು ಕುಳಿತರು. ಒಪ್ಪಿದರೋ ಇಲ್ಲವೋ ಅರಿಯೆವು.

ಕಾರ್ತಿಕದಲ್ಲಿ ಆ ಕುಟುಂಬದ ಸುದ್ದಿ ಬಂದಿತು. ತಮ್ಮ ತಾನಾಗಿಯೇ ಹೋಗಿ ರಕ್ತ ಕೊಟ್ಟು ಬಂದಿದ್ದಾನೆ. ಗುಂಪು ಹೊಂದಿದೆ, ಇನ್ನುಳಿದ ಪರೀಕ್ಷೆಗಳು ನಡೆಯುತ್ತಿವೆ. ಅಣ್ಣನ ಹೆಸರು ಪಟ್ಟಿಯಲ್ಲಿಯೂ ಇದೆ. ತಾಯಿಯ ಸಿಟ್ಟು ಇಳಿದಿಲ್ಲ, ಮಠದತ್ತ ಬಂದಿಲ್ಲ. ಸೊಸೆ ನಮ್ಮ ಧರ್ಮಪತ್ನಿಗೆ ಫೋನ್ ಮಾಡಿ, ಮೈದುನನದು ಹೊಂದದಿದ್ದರೆ ತಾನು ಕೊಡುವುದಾಗಿ, ಆದರೆ ಮಗಳ ಪರೀಕ್ಷೆ ಮುಗಿದ ಮೇಲೆ, ತನ್ನ ತಾಯಿ ಬಂದು ಜೊತೆಗಿರುವುದಾದರೆ ಎಂದು ಹೇಳಿದಳಂತೆ. ಈ 'ಆದರೆ'ಗಳನ್ನು ಕೇಳಿ ನಮಗೆ ಬಹಳ ಸಮಾಧಾನವಾಯಿತು.

ನಾವೂ ಮನೆಯಲ್ಲಿ ಮರಣಾನಂತರದ ದಾನಕ್ಕೆ 7ನೆಯ ನಮೂನೆಯನ್ನು ತುಂಬಿದೆವು. ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು, ಒಬ್ಬರಾದರೂ ಹತ್ತಿರದ ಸಂಬಂಧಿಯಾಗಿರಬೇಕು. ಹಿರಿಯ ಮಗ, ಅಪ್ಪಾಜಿ ಹೇಳಿದ ಮೇಲೆ ಮುಗಿಯಿತೆಂದು ನೋಡದೆಯೇ ರುಜು ಹಾಕಿದನು. ಸೊಸೆಯ ಮುಂದೆ ಹಿಡಿದಾಗ ಆಕೆ ಕೈ ಒರೆಸಿಕೊಂಡು ಕಾಗದವನ್ನು ತೆಗೆದುಕೊಂಡು, "ಮಾವಾರ, ಓದಿ ಹಾಕ್ತೀನ್ರಿ" ಎಂದು ಕಿಟಕಿಯ ಬೆಳಕಿಗೆ ಹೋದಳು. ಎರಡು ಸಲ ಓದಿದಳು. ಕಣ್ಣು ಬಿಟ್ಟು ಉಳಿದದ್ದನ್ನು ಮಾತ್ರ ಕೊಡಲು ಬರುತ್ತದೆಯೇ, ಅತ್ತೆಯವರನ್ನು ಕೇಳಿದ್ದೀರಾ ಎಂದು ಎರಡು ಪ್ರಶ್ನೆ ಹಾಕಿದಳು. ಮೊದಲನೆಯದಕ್ಕೆ ಬರುತ್ತದೆಂದು ಹೇಳಿದೆವು. ಎರಡನೆಯದಕ್ಕೆ ಉತ್ತರ ಹೇಳಲು ನಾವು ಒಳಗೆ ಹೋಗಿ ಕೇಳಿ ಬರಬೇಕಾಯಿತು.